ವಿಹಾರನೌಕೆಯ ದರಪಟ್ಟಿ: ಒಂದು ನೈತಿಕ ವಿಮರ್ಶೆ

ಬೆಲೆ ಎಂಬುದೂ ಒಂದು ಮಾತು. ಮಾರುವವನು ಕೊಳ್ಳುವವನಿಗೆ ಆಡುವ ಈ ಮಾತು ಸತ್ಯವಾಗಿರಬೇಕೆಂಬುದನ್ನು ತಲೆಮಾರುಗಳಿಂದ ವ್ಯಾಪಾರವನ್ನು ನೆಚ್ಚಿ ಬಾಳಿದ ಕುಟುಂಬಗಳಿಗೆ ಬೇರೆಯಾಗಿ ಬೋಧಿಸಬೇಕಾಗಿಲ್ಲ. ತೂಕದಲ್ಲಿ, ಅಳತೆಯಲ್ಲಿ, ಲೆಕ್ಕದ ಪುಸ್ತಕದಲ್ಲಿ ಮೋಸ ಕೂಡದೆಂಬ ನಿಯಮ ಅಂಗಡಿಯ ಕಟ್ಟೆಗೆ ಅನ್ವಯಿಸುವಂತೆಯೇ ಸಮುದ್ರದ ಮೇಲಿನ ವ್ಯವಹಾರಕ್ಕೂ ಅನ್ವಯಿಸತಕ್ಕದ್ದು. ಈ ದೃಷ್ಟಿಯಿಂದ ನೋಡಿದಾಗ, ಇಂದಿನ ಐಷಾರಾಮಿ ವಿಹಾರನೌಕೆಗಳು ಪ್ರಕಟಿಸುವ ಕ್ಯಾಬಿನ್ ದರಪಟ್ಟಿ ವಿಮರ್ಶೆಗೆ ಯೋಗ್ಯವಾದ ಒಂದು ಪಠ್ಯವಾಗಿದೆ. ಅದರಲ್ಲಿ ಅಚ್ಚಾದುದೆಷ್ಟು, ಅಚ್ಚಾಗದೆ ಉಳಿದುದೆಷ್ಟು ಎಂಬುದನ್ನು ಓದಿಕೊಳ್ಳುವುದು ಅವಶ್ಯಕ.

ಈ ಪ್ರಶ್ನೆ ದೂರದ ದೇಶಗಳ ಶ್ರೀಮಂತರಿಗಷ್ಟೇ ಸೇರಿದುದಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಿಂದ ಕಾರ್ಡೇಲಿಯಾ ಸಂಸ್ಥೆಯ ನೌಕೆ ಸಂಚಾರ ಆರಂಭಿಸಿದ ಮೇಲೆ ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ವಿಹಾರಯಾನ ಮಧ್ಯಮ ವರ್ಗದ ಕುಟುಂಬಗಳಿಗೂ ಎಟುಕುವಂತಾಯಿತು. ವಿವಾಹದ ಸುವರ್ಣೋತ್ಸವ, ಮಕ್ಕಳ ಪದವಿ, ಬಂಧುಗಳ ಸಮ್ಮಿಲನ ಮುಂತಾದ ನಿಮಿತ್ತಗಳಿಂದ ಸಿಂಗಾಪುರ, ಮೆಡಿಟರೇನಿಯನ್, ಅಲಾಸ್ಕಾ ಯಾನಗಳಿಗೂ ಜೈನ ಕುಟುಂಬಗಳು ಹೋಗಿಬರುತ್ತಿವೆ. ಹೋಗುವುದು ತಪ್ಪೆಂದು ಸಾಧಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಹೋಗುವವರು ಕೊಡುವ ಹಣ ಯಾವುದಕ್ಕೆ ಸಲ್ಲುತ್ತದೆಂಬ ವಿವೇಚನೆಯೇ ಇಲ್ಲಿನ ವಿಷಯ.

ಮೊದಲು ದರಪಟ್ಟಿಯ ರಚನೆಯನ್ನು ಗಮನಿಸಬಹುದು. ನೌಕೆಯ ಕೋಣೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸುವುದು ರೂಢಿ: ಕಿಟಕಿಯಿಲ್ಲದ ಒಳಕೋಣೆ, ಸಮುದ್ರ ಕಾಣುವ ಕಿಟಕಿಯ ಕೋಣೆ, ಬಾಲ್ಕನಿಯುಳ್ಳ ಕೋಣೆ ಮತ್ತು ಸೂಟ್. ಪ್ರತಿಯೊಂದು ಬಗೆಯಲ್ಲಿಯೂ ಅಂತಸ್ತು, ಸ್ಥಾನ, ವಿಸ್ತಾರಗಳಿಗನುಗುಣವಾಗಿ ಹಲವು ಉಪದರ್ಜೆಗಳಿರುತ್ತವೆ. ಒಂದೇ ಅಳತೆಯ, ಒಂದೇ ಬಗೆಯ ಪೀಠೋಪಕರಣಗಳ ಎರಡು ಕೋಣೆಗಳಿಗೆ ಎರಡು ದರಗಳಿರುವುದುಂಟು. ಸಾಮಾನ್ಯವಾಗಿ ಮೇಲಿನ ಅಂತಸ್ತಿನ ಕೋಣೆ ದುಬಾರಿ. ಆದರೆ ಸಮುದ್ರ ಕ್ಷುಬ್ಧವಾದಾಗ ಓಲಾಟ ಹೆಚ್ಚಾಗಿ ತಟ್ಟುವುದು ಮೇಲಿನ ಅಂತಸ್ತುಗಳಿಗೆ ಹಾಗೂ ನೌಕೆಯ ಎರಡು ತುದಿಗಳಿಗೆ. ಕೆಳಗಿನ ಅಂತಸ್ತಿನ ಮಧ್ಯಭಾಗವೇ ಅತ್ಯಂತ ಸ್ಥಿರವಾದ ಸ್ಥಳ. ವಾಂತಿ, ತಲೆಸುತ್ತುಗಳಿಗೆ ಬೇಗ ಒಳಗಾಗುವ ವೃದ್ಧರಿಗೆ ಕಡಿಮೆ ಬೆಲೆಯ ಕೋಣೆಯೇ ಹೆಚ್ಚು ಹಿತಕರವಾಗಿರುವ ಸಂದರ್ಭಗಳು ಸಾಕಷ್ಟಿವೆ. ಈಜುಕೊಳದ ಅಂತಸ್ತಿನ ನೇರ ಕೆಳಗಿರುವ ಕೋಣೆಗೆ ಬೆಳಗಿನ ಜಾವದಲ್ಲಿಯೇ ಕುರ್ಚಿಗಳನ್ನೆಳೆಯುವ ಸದ್ದು, ನಾಟ್ಯಶಾಲೆಯ ಮೇಲಿರುವ ಕೋಣೆಗೆ ನಡುರಾತ್ರಿಯವರೆಗೆ ವಾದ್ಯಘೋಷ. ಕೆಲವು ಕಿಟಕಿಗಳ ಮುಂದೆ ಜೀವರಕ್ಷಕ ದೋಣಿಗಳು ತೂಗುತ್ತಿದ್ದು ನೋಟಕ್ಕೆ ಅಡ್ಡಬರುತ್ತವೆ. ಬೆಲೆ ಏರಿದಂತೆ ನೆಮ್ಮದಿಯೂ ಏರುತ್ತದೆಂಬ ನಂಬಿಕೆಗೆ ನೌಕೆಯ ನಕ್ಷೆಯೇ ಸಮರ್ಥನೆ ನೀಡುವುದಿಲ್ಲ. ಆದುದರಿಂದ ದರಪಟ್ಟಿಗಿಂತ ಮೊದಲು ನಕ್ಷೆಯನ್ನು ನೋಡುವುದು ವಿವೇಕ.

ಇನ್ನೊಂದು ಪದ್ಧತಿಯಿದೆ. ಪ್ರಯಾಣಿಕನು ಕೋಣೆಯ ಬಗೆಯನ್ನು ಮಾತ್ರ ನಿಶ್ಚಯಿಸಿ ಹಣ ಕಟ್ಟುತ್ತಾನೆ. ಯಾವ ಸಂಖ್ಯೆಯ ಕೋಣೆಯೆಂಬುದನ್ನು ಸಂಸ್ಥೆ ಅನಂತರ ತನ್ನ ಅನುಕೂಲದಂತೆ ಕೊಡುತ್ತದೆ. ಇದಕ್ಕೆ 'ಗ್ಯಾರಂಟಿ' ಎಂದು ಹೆಸರು. ದರ ಅಗ್ಗ, ಷರತ್ತು ಸ್ಪಷ್ಟ. ಸ್ಥಳದ ಬಗ್ಗೆ ಹಟವಿಲ್ಲದವರಿಗೆ ಇದು ನ್ಯಾಯವಾದ ವ್ಯವಹಾರವೇ ಸರಿ. ಆದರೆ ಮೆಟ್ಟಿಲೇರಲಾರದ ತಾಯಿಯನ್ನು ಜೊತೆಯಲ್ಲಿ ಕರೆದೊಯ್ಯುವ ಮಗ ಲಿಫ್ಟಿನ ಸಮೀಪದ ಕೋಣೆಗಾಗಿ ಒಂದಿಷ್ಟು ಹೆಚ್ಚು ತೆತ್ತರೆ ಅದು ಭೋಗವಲ್ಲ, ಕರ್ತವ್ಯ.

ದರಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿತವಾಗುವ ಸಂಖ್ಯೆ ಸಾಮಾನ್ಯವಾಗಿ ಒಬ್ಬ ವ್ಯಕ್ತಿಯದು. ಅದೂ ಇಬ್ಬರು ಒಂದೇ ಕೋಣೆಯಲ್ಲಿರುವರೆಂಬ ಷರತ್ತಿನ ಮೇಲೆ. ವಿಷಯ ಸ್ಪಷ್ಟವಾಗಲು ಕೇವಲ ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳಬಹುದು. ಏಳು ರಾತ್ರಿಗಳ ಯಾನಕ್ಕೆ ಬಾಲ್ಕನಿ ಕೋಣೆಯ ದರ 1,000 ಡಾಲರ್ ಎಂದು ಅಚ್ಚಾಗಿದೆಯೆನ್ನೋಣ. ದಂಪತಿಗಳಿಗೆ 2,000 ಆಯಿತು. ಬಂದರು ಶುಲ್ಕ ಮತ್ತು ತೆರಿಗೆ ತಲಾ 150ರಂತೆ 300. ಸಿಬ್ಬಂದಿಯ ಟಿಪ್ಸ್ ದಿನವೊಂದಕ್ಕೆ ತಲಾ 18ರಂತೆ 252. ಒಟ್ಟು 2,552. ಅಂದರೆ ಓದಿದ ಬೆಲೆಗೂ ಕೊಟ್ಟ ಬೆಲೆಗೂ ಕಾಲುಪಾಲಿಗಿಂತ ಹೆಚ್ಚಿನ ಅಂತರ. ಬಂದರಿಗೆ ತಲುಪುವ ವಿಮಾನಯಾನ, ವೀಸಾ, ವಿಮೆ, ದಡದ ಮೇಲಿನ ಪ್ರವಾಸ ಇವಾವುವೂ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಈ ಅಂತರ ಆಕಸ್ಮಿಕವಾದುದೆಂದು ತಿಳಿಯುವಂತಿಲ್ಲ. ಬಂದರು ಶುಲ್ಕವೆಂಬ ಹೆಸರಿನಲ್ಲಿ ಸರ್ಕಾರಗಳಿಗೆ ಸಲ್ಲುವುದಕ್ಕಿಂತ ಹೆಚ್ಚಿನ ಮೊತ್ತವನ್ನು ಪ್ರಯಾಣಿಕರಿಂದ ವಸೂಲು ಮಾಡಲಾಗುತ್ತಿದೆಯೆಂಬ ಆಕ್ಷೇಪದ ಮೇಲೆ ಅಮೆರಿಕದ ಫ್ಲಾರಿಡಾ ರಾಜ್ಯದ ಅಟಾರ್ನಿ ಜನರಲ್ 1997ರಲ್ಲಿ ಹಲವು ನೌಕಾ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡರು. ಸರ್ಕಾರಿ ಸಂಸ್ಥೆಗಳಿಗೆ ವಾಸ್ತವವಾಗಿ ಕಟ್ಟುವ ಹಣವನ್ನು ಮಾತ್ರ ಪ್ರತ್ಯೇಕವಾಗಿ ತೋರಿಸಿ, ಉಳಿದುದನ್ನು ದರದಲ್ಲಿಯೇ ಸೇರಿಸಬೇಕೆಂದು ಅಂದು ತೀರ್ಮಾನವಾಯಿತು. ಇಪ್ಪತ್ತೇಳು ವರ್ಷಗಳ ಅನಂತರ, 2024ರ ಜುಲೈ 1ರಿಂದ, ಕ್ಯಾಲಿಫೋರ್ನಿಯಾದಲ್ಲಿ ಪ್ರಾಮಾಣಿಕ ಬೆಲೆಯ ಕಾನೂನು ಜಾರಿಗೆ ಬಂದಿತು. ಕಡ್ಡಾಯವಾದ ಶುಲ್ಕಗಳನ್ನು ಮರೆಮಾಡಿ ಕಡಿಮೆ ಬೆಲೆಯನ್ನು ಜಾಹೀರುಮಾಡಕೂಡದೆಂಬುದು ಅದರ ಸಾರ. ಅದಾದ ಮೇಲೆ ಪ್ರಮುಖ ಸಂಸ್ಥೆಗಳು ಶುಲ್ಕಸಹಿತ ದರವನ್ನು ಮೊದಲೇ ತೋರಿಸತೊಡಗಿದವು. ಸತ್ಯವನ್ನು ನುಡಿಯಲು ಕಾನೂನಿನ ಒತ್ತಾಯ ಬೇಕಾಯಿತೆಂಬುದು ಇಲ್ಲಿ ಗಮನಾರ್ಹ. ಆದರೂ ಟಿಪ್ಸ್ ಐಚ್ಛಿಕವೆಂಬ ಕಾರಣದಿಂದ ಆ ದರದ ಹೊರಗೆಯೇ ಉಳಿದಿದೆ.

ಒಂಟಿ ಪ್ರಯಾಣಿಕರ ಪರಿಸ್ಥಿತಿ ಇನ್ನೂ ಕಠಿಣವಾದುದು. ಕೋಣೆಯಲ್ಲಿ ಒಬ್ಬರೇ ಇದ್ದರೂ ಬಹಳಷ್ಟು ಸಂಸ್ಥೆಗಳು ಇಬ್ಬರ ದರವನ್ನು ಪೂರ್ಣವಾಗಿಯೋ ಅದಕ್ಕೆ ಸಮೀಪವಾಗಿಯೋ ಕೇಳುತ್ತವೆ. ಮೇಲಿನ ಉದಾಹರಣೆಯಲ್ಲಿ ಒಬ್ಬ ವಿಧವೆ ಅದೇ ಕೋಣೆಯನ್ನು ಬಯಸಿದರೆ ಆಕೆ ತೆರಬೇಕಾದುದು 2,276 ಡಾಲರ್, ಅಚ್ಚಾಗಿದ್ದುದು 1,000. ಕೋಣೆಯ ವೆಚ್ಚ ಒಬ್ಬರಿಗಾದರೂ ಇಬ್ಬರಿಗಾದರೂ ಒಂದೇ ಎಂಬ ಸಂಸ್ಥೆಗಳ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆಕೆ ಉಣ್ಣುವುದು ಒಬ್ಬರ ಊಟವನ್ನು. 2010ರಲ್ಲಿ ನಾರ್ವೀಜಿಯನ್ ಎಪಿಕ್ ಎಂಬ ನೌಕೆಯಲ್ಲಿ ಒಂಟಿ ಪ್ರಯಾಣಿಕರಿಗೆಂದೇ 128 ಪುಟ್ಟ ಕೋಣೆಗಳನ್ನು ನಿರ್ಮಿಸಿದಾಗ ಈ ಅನ್ಯಾಯಕ್ಕೆ ಪರಿಹಾರ ಸಾಧ್ಯವೆಂಬುದು ಸಿದ್ಧವಾಯಿತು. ಕುಟುಂಬಗಳೂ ಯೋಚಿಸಬಹುದಾದ ಒಂದು ಮಾರ್ಗವಿದೆ: ಒಂದೇ ಕೋಣೆಯ ಮೂರನೆಯ, ನಾಲ್ಕನೆಯ ಹಾಸಿಗೆಗೆ ದರ ಬಹುಮಟ್ಟಿಗೆ ಕಡಿಮೆಯಿರುತ್ತದೆ. ಅಜ್ಜಿಯನ್ನು ಮೊಮ್ಮಕ್ಕಳ ಕೋಣೆಯಲ್ಲಿ ಜೊತೆಗಿರಿಸಿಕೊಂಡರೆ ವೆಚ್ಚವೂ ಇಳಿಯುತ್ತದೆ, ಒಂಟಿತನವೂ ನೀಗುತ್ತದೆ.

ದರ್ಜೆಗಳ ವಿಚಾರಕ್ಕೆ ಬಂದರೆ, ಹಿಂದಿನ ಕಾಲದ ಹಡಗುಗಳು ಈ ವಿಷಯದಲ್ಲಿ ಮುಚ್ಚುಮರೆ ಮಾಡುತ್ತಿರಲಿಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಒಂದು, ಎರಡು, ಮೂರು ಎಂದು ದರ್ಜೆಗಳನ್ನು ಬಹಿರಂಗವಾಗಿಯೇ ಹೆಸರಿಸಿದ್ದರು. ಅಂದು ಮೊದಲ ದರ್ಜೆಯಲ್ಲಿ ಬದುಕುಳಿದವರ ಪ್ರಮಾಣ ಮೂರನೆಯ ದರ್ಜೆಯದಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಆ ದುರಂತದ ಫಲವಾಗಿ 1914ರಲ್ಲಿ ರೂಪುಗೊಂಡ ಅಂತಾರಾಷ್ಟ್ರೀಯ ಒಡಂಬಡಿಕೆಯಿಂದ, ಹಡಗಿನಲ್ಲಿರುವ ಪ್ರತಿಯೊಬ್ಬನಿಗೂ ಜೀವರಕ್ಷಣೆಯ ಸ್ಥಳವಿರಬೇಕೆಂಬ ತತ್ತ್ವ ನೆಲೆಗೊಂಡಿತು. ಇಂದು ದೋಣಿಯಲ್ಲಿ ಎಲ್ಲರೂ ಸಮಾನರು. ಊಟದ ಮೇಜಿನಲ್ಲಿ ಹಾಗಲ್ಲ. 2004ರಿಂದ ಸಂಚರಿಸುತ್ತಿರುವ ಕ್ವೀನ್ ಮೇರಿ 2 ನೌಕೆಯಲ್ಲಿ ಯಾವ ಭೋಜನಶಾಲೆಯಲ್ಲಿ ಉಣ್ಣಬೇಕೆಂಬುದನ್ನು ಕೋಣೆಯ ದರ್ಜೆಯೇ ನಿಗದಿಪಡಿಸುತ್ತದೆ. ಬೇರೆ ಸಂಸ್ಥೆಗಳ ಬೃಹನ್ನೌಕೆಗಳಲ್ಲಿ ಸೂಟ್‌ವಾಸಿಗಳಿಗೆ ಪ್ರತ್ಯೇಕ ಈಜುಕೊಳ, ಪ್ರತ್ಯೇಕ ಲಿಫ್ಟ್ ಸೌಕರ್ಯ, ಪ್ರತ್ಯೇಕ ಬಾಗಿಲುಗಳುಂಟು. ಹೀಗಾಗಿ ಸೂಟಿನ ದರದಲ್ಲಿ ಒಂದು ಭಾಗ ವಿಸ್ತಾರಕ್ಕೆ, ಒಂದು ಭಾಗ ಸೇವೆಗೆ, ಮತ್ತೊಂದು ಭಾಗ ಇತರರು ಒಳಗೆ ಬಾರದಿರುವುದಕ್ಕೆ. ಈ ಮೂರನೆಯ ಭಾಗಕ್ಕೆ ಹಣ ಕೊಡುವ ಮುನ್ನ ವಿವೇಕಿಯಾದವನು ಒಂದು ಕ್ಷಣ ನಿಲ್ಲಬೇಕು.

ಈ ವಿಷಯದ ಬಗ್ಗೆ ಬಂದ ಬರಹಗಳಲ್ಲಿ ಅಮೆರಿಕದ ಲೇಖಕ ಡೇವಿಡ್ ಫಾಸ್ಟರ್ ವಾಲೇಸ್ ಅವರ ದೀರ್ಘ ಪ್ರಬಂಧ ಪ್ರಸಿದ್ಧವಾದುದು. 1995ರ ಮಾರ್ಚ್‌ನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಏಳು ರಾತ್ರಿಗಳ ಯಾನ ಕೈಗೊಂಡ ಅವರು ಬರೆದುದು 1996ರ ಜನವರಿಯಲ್ಲಿ ಹಾರ್ಪರ್ಸ್ ಮಾಸಪತ್ರಿಕೆಯಲ್ಲಿಯೂ, 1997ರಲ್ಲಿ ಪುಸ್ತಕದಲ್ಲಿಯೂ ಪ್ರಕಟವಾಯಿತು. ನೌಕಾ ಸಂಸ್ಥೆಯ ಪ್ರಚಾರಪುಸ್ತಿಕೆಯಲ್ಲಿ ಪ್ರತಿಷ್ಠಿತ ಲೇಖಕರೊಬ್ಬರು ಹಣ ಪಡೆದು ಬರೆದ ಪ್ರಶಂಸೆಯನ್ನು ಪ್ರಬಂಧದ ವೇಷದಲ್ಲಿ ಮುದ್ರಿಸಿದ್ದುದನ್ನು ಅವರು ಬಯಲಿಗೆಳೆದರು. ಜಾಹೀರಾತು ಕಲೆಯಂತೆ ನಟಿಸಿದಾಗ ಓದುಗನ ವಿಶ್ವಾಸಕ್ಕೆ ದ್ರೋಹವಾಗುತ್ತದೆಂಬುದು ಅವರ ಆಕ್ಷೇಪ. ಇನ್ನೊಂದು ಪ್ರಸಂಗ ಇದಕ್ಕಿಂತ ಮಾರ್ಮಿಕವಾಗಿದೆ. ತನ್ನ ನೌಕೆಯಲ್ಲಿ ಯಾವ ಕೊರತೆಯೂ ಇಲ್ಲದಿದ್ದಾಗಲೂ, ಪಕ್ಕದಲ್ಲಿ ಇನ್ನೊಂದು ನೌಕೆ ಬಂದು ನಿಂತೊಡನೆ ಅದರಲ್ಲಿನ ಸುಖವೇ ಹೆಚ್ಚಿನದೆಂಬ ಅಸೂಯೆ ತನ್ನಲ್ಲಿ ಮೂಡಿದುದನ್ನು ಅವರು ನಿಷ್ಠುರವಾಗಿ ದಾಖಲಿಸಿದ್ದಾರೆ. ಭೋಗ ಹೆಚ್ಚಿದಂತೆ ತೃಷ್ಣೆ ಅಡಗದೆ ಬೆಳೆಯುತ್ತದೆಂಬ ಹಳೆಯ ಅರಿವಿಗೆ ಇದು ಹೊಸ ಸಾಕ್ಷ್ಯ.

ಆದರೆ ಆ ಪ್ರಬಂಧಕ್ಕೆ ಒಂದು ಮಿತಿಯಿದೆ. ಲೇಖಕರ ಪ್ರಯಾಣದ ವೆಚ್ಚವನ್ನು ಭರಿಸಿದುದು ಪತ್ರಿಕೆ. ಪ್ರಯಾಣಿಕನ ಅಂತರಂಗವನ್ನು ಅಷ್ಟು ಸೂಕ್ಷ್ಮವಾಗಿ ಶೋಧಿಸಿದ ಅವರು, ಸ್ವಂತ ದುಡಿಮೆಯ ಹಣ ಕಟ್ಟುವ ಗೃಹಸ್ಥನ ಲೆಕ್ಕವನ್ನು ಅಷ್ಟಾಗಿ ಕೈಗೆತ್ತಿಕೊಳ್ಳಲಿಲ್ಲ. ಅಸೂಯೆ ಮನುಷ್ಯಸ್ವಭಾವವೆಂದು ನಿಲ್ಲಿಸಿದರೆ ಸಾಲದು. ಆ ಅಸೂಯೆಗೆ ಬೆಲೆ ಕಟ್ಟಿ ಮಾರುವ ವ್ಯವಸ್ಥೆಯನ್ನೂ ಕಾಣಬೇಕು. ಇಂದು ಹಲವು ಸಂಸ್ಥೆಗಳು ಯಾನದ ಮುನ್ನ ಖಾಲಿ ಉಳಿದ ಮೇಲ್ದರ್ಜೆಯ ಕೋಣೆಗಳನ್ನು ಹರಾಜಿಗಿಡುತ್ತವೆ. ಈಗಾಗಲೇ ಕೋಣೆ ಕಾಯ್ದಿರಿಸಿ ತೃಪ್ತನಾಗಿದ್ದ ಪ್ರಯಾಣಿಕನಿಗೆ, ಇನ್ನಷ್ಟು ಕೊಟ್ಟು ಮೇಲೇರಬಹುದೆಂಬ ಆಹ್ವಾನ ಬರುತ್ತದೆ. ಕೂಗುವ ಮೊತ್ತ ಸಾಮಾನ್ಯವಾಗಿ ತಲಾ ಲೆಕ್ಕದ್ದು, ದಂಪತಿಗಳಿಗೆ ಎರಡರಷ್ಟಾಗುತ್ತದೆ. ಸ್ವೀಕೃತವಾದ ಮೇಲೆ ಹಣ ಹಿಂದಕ್ಕೆ ಬಾರದು. ತಾನು ನಕ್ಷೆ ನೋಡಿ ಆರಿಸಿದ್ದ ಸ್ಥಳವೂ ಕೈಬಿಡಬಹುದು. ಪಕ್ಕದ ನೌಕೆಯನ್ನು ಕಂಡು ವಾಲೇಸ್ ಅನುಭವಿಸಿದ ಅತೃಪ್ತಿ ಇಲ್ಲಿ ಒಂದು ಆದಾಯದ ಬಾಬತ್ತಾಗಿದೆ.

ಈಗ ಜೈನ ಗೃಹಸ್ಥನಿಗೆ ನಿಜವಾಗಿಯೂ ತೊಡಕಾದ ಪ್ರಶ್ನೆಯನ್ನು ಪರಿಶೀಲಿಸಬಹುದು. ಐಷಾರಾಮಿ ನೌಕೆಗಳಲ್ಲಿ ಎರಡು ಬಗೆಯ ದರಗಳಿವೆ. ಮೊದಲನೆಯದು ಸರ್ವಸಮಾವೇಶಕ ದರ. ರೀಜೆಂಟ್ ಸೆವೆನ್ ಸೀಸ್, ಸಿಲ್ವರ್‌ಸೀ ಮುಂತಾದ ಸಂಸ್ಥೆಗಳು ಊಟ, ಪಾನೀಯ, ಟಿಪ್ಸ್‌ಗಳನ್ನು ಸೇರಿಸಿಯೇ ಬೆಲೆ ಹೇಳುತ್ತವೆ. ಎರಡನೆಯದು ಮೂಲದರ ಕಡಿಮೆಯಿದ್ದು, ಉಳಿದುದನ್ನೆಲ್ಲ ನೌಕೆಯ ಮೇಲೆ ಪ್ರತ್ಯೇಕವಾಗಿ ವಸೂಲು ಮಾಡುವ ಕ್ರಮ. ಮೊದಲನೆಯದು ಬೆಲೆಯ ದೃಷ್ಟಿಯಿಂದ ಪ್ರಾಮಾಣಿಕವಾದುದು. ಮನೆ ಬಿಡುವ ಮೊದಲೇ ಒಟ್ಟು ಖರ್ಚು ತಿಳಿಯುತ್ತದೆ. ಆದರೆ ಆ ಪಾನೀಯಗಳಲ್ಲಿ ಮದ್ಯವೂ ಸೇರಿದೆ. ಮದ್ಯವನ್ನು ಮುಟ್ಟದ ಕುಟುಂಬವೂ ಅದರ ವೆಚ್ಚದ ಪಾಲನ್ನು ತೆತ್ತಂತಾಯಿತು. ಹಾಗಾದರೆ ಎರಡನೆಯ ಕ್ರಮ ನಿರ್ದೋಷವೇ? ಅದೂ ಅಲ್ಲ. ಕಾರ್ನಿವಲ್ ಸಮೂಹದ 2023ರ ಸುಮಾರು 2,160 ಕೋಟಿ ಡಾಲರ್ ಆದಾಯದಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಗಿಲಾದುದು ಟಿಕೆಟಿನ ಹೊರಗಿನಿಂದ, ಅಂದರೆ ಮದ್ಯ, ಜೂಜುಕಟ್ಟೆ, ಅಂಗಡಿ, ದಡದ ಪ್ರವಾಸ ಮೊದಲಾದವುಗಳಿಂದ ಬಂದಿತು. ಮೂಲದರ ಅಷ್ಟು ಅಗ್ಗವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಒಂದು ಕ್ರಮದಲ್ಲಿ ತಾನು ಇತರರ ಪಾನಕ್ಕೆ ಹಣ ಕೊಡುತ್ತಾನೆ. ಇನ್ನೊಂದರಲ್ಲಿ ಇತರರ ಪಾನ ಮತ್ತು ಜೂಜು ತನ್ನ ಕೋಣೆಯ ಬೆಲೆಯನ್ನು ಇಳಿಸುತ್ತವೆ.

ಈ ಎರಡರಲ್ಲಿ ಯಾವುದು ಲೇಸು? ಪೂರ್ಣವಾದ ಶುದ್ಧಿ ಎರಡರಲ್ಲಿಯೂ ಇಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕವಾದ ಉತ್ತರ. ಆದರೂ ವಿವೇಚನೆಗೆ ಅವಕಾಶವಿದೆ. ಎರಡನೆಯ ಕ್ರಮದಲ್ಲಿ ತನ್ನ ಕೈಯಿಂದ ಹೋಗುವ ಹಣದ ಮೇಲೆ ಗೃಹಸ್ಥನಿಗೆ ಹಿಡಿತವಿದೆ; ತಾನು ಕೊಳ್ಳದುದಕ್ಕೆ ತಾನು ತೆರುವುದಿಲ್ಲ. ಸರ್ವಸಮಾವೇಶಕ ದರದಲ್ಲಿ ಆ ಹಿಡಿತವನ್ನು ಮೊದಲೇ ಬಿಟ್ಟುಕೊಡಲಾಗುತ್ತದೆ. ಅಲ್ಲದೆ, ಕೊಟ್ಟಾಗಿದೆಯಲ್ಲ ಎಂಬ ಕಾರಣದಿಂದ ಬೇಡದುದನ್ನೂ ಉಪಯೋಗಿಸುವ ಪ್ರೇರಣೆ ಅದರಲ್ಲಿ ಅಡಗಿದೆ. ಭೋಗೋಪಭೋಗಗಳಿಗೆ ಪರಿಮಿತಿಯನ್ನು ಹಾಕಿಕೊಳ್ಳುವ ವ್ರತವನ್ನು ಮಾನ್ಯಮಾಡುವವರಿಗೆ, ಮದ್ಯವಿಲ್ಲದ ಮೂಲದರವನ್ನು ಆರಿಸಿ, ತೆರಿಗೆ ಮತ್ತು ಟಿಪ್ಸ್‌ಗಳನ್ನು ಮುಂಗಡವಾಗಿಯೇ ಕೂಡಿಸಿ ಲೆಕ್ಕವಿಟ್ಟುಕೊಳ್ಳುವುದು ಹೆಚ್ಚು ಸಮಂಜಸವೆನಿಸುತ್ತದೆ.

ಆಹಾರದ ವಿಷಯವೂ ಕಾಯ್ದಿರಿಸುವ ಹಂತದಲ್ಲಿಯೇ ತೀರ್ಮಾನವಾಗಬೇಕಾದುದು. 1888ರಲ್ಲಿ ಜೈನಮುನಿ ಬೇಚರಜಿ ಸ್ವಾಮಿಗಳ ಮುಂದೆ ಪ್ರತಿಜ್ಞೆ ಸ್ವೀಕರಿಸಿ ಇಂಗ್ಲೆಂಡಿಗೆ ಹೊರಟ ತರುಣ ಗಾಂಧಿ, ಯಾವ ತಿನಿಸಿನಲ್ಲಿ ಮಾಂಸವಿಲ್ಲವೆಂಬುದು ತಿಳಿಯದೆ, ಒಯ್ದಿದ್ದ ಸಿಹಿತಿಂಡಿ ಮತ್ತು ಹಣ್ಣುಗಳನ್ನು ತಿಂದು ಕ್ಯಾಬಿನ್ನಿನಲ್ಲಿಯೇ ದಿನ ಕಳೆದುದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಂದು ಅಷ್ಟು ಕಷ್ಟವಿಲ್ಲ. ಭಾರತದ ನೌಕೆಯಲ್ಲಿ ಜೈನ ಊಟ ದೊರೆಯುತ್ತದೆ; ವಿದೇಶೀ ಸಂಸ್ಥೆಗಳು ವಿಶೇಷ ಆಹಾರದ ಕೋರಿಕೆಯನ್ನು ಯಾನಕ್ಕೆ ಬಹಳ ಮುಂಚಿತವಾಗಿ ಕೇಳುತ್ತವೆ. ಸಸ್ಯಾಹಾರವೆಂದಷ್ಟೇ ಬರೆದರೆ ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ತಪ್ಪುವುದಿಲ್ಲ. ಕಂದಮೂಲವರ್ಜಿತವೆಂದು ಬಿಡಿಸಿ ಬರೆದು, ಲಿಖಿತ ಒಪ್ಪಿಗೆಯನ್ನು ಪಡೆದಿರಬೇಕು. ರಾತ್ರಿಭೋಜನವನ್ನು ತ್ಯಜಿಸಿದವರು ಸಂಜೆಯ ಎರಡು ಸರದಿಗಳಲ್ಲಿ ಮೊದಲನೆಯದನ್ನೇ ಕೇಳಿ ನಿಶ್ಚಯಿಸಿಕೊಳ್ಳುವುದು ಒಳಿತು. ಆಗಲೂ ಆ ಋತುವಿನ ಸೂರ್ಯಾಸ್ತದ ವೇಳೆಯನ್ನು ಹೋಲಿಸಿ ನೋಡಬೇಕು.

ಹಣ ಕಟ್ಟುವ ಕಾಲದ ಬಗ್ಗೆಯೂ ಎಚ್ಚರ ಅಗತ್ಯ. ಜನವರಿಯಿಂದ ಮಾರ್ಚ್‌ವರೆಗೆ ಸಂಸ್ಥೆಗಳು ರಿಯಾಯಿತಿಗಳನ್ನು ಘೋಷಿಸುವುದು ವಾಡಿಕೆ. ಮುಂಗಡ ಹಣ ಹಿಂದಿರುಗುವುದೋ ಇಲ್ಲವೋ ಎಂಬುದನ್ನು ಮೊದಲೇ ಓದಿಕೊಳ್ಳಬೇಕು. ಹಿಂದಿರುಗದ ಮುಂಗಡದ ದರ ಕಡಿಮೆಯಾಗಿ ಕಾಣುತ್ತದೆ. ಪೂರ್ಣ ಹಣವನ್ನು ಯಾನಕ್ಕೆ ಹಲವು ವಾರಗಳ, ಕೆಲವೊಮ್ಮೆ ತಿಂಗಳುಗಳ ಮುಂಚೆ ಕಟ್ಟಬೇಕಾಗುತ್ತದೆ. ಅನಂತರ ರದ್ದುಮಾಡಿದರೆ ದಂಡ ಏರುತ್ತಾ ಹೋಗಿ ಕೊನೆಯಲ್ಲಿ ಎಲ್ಲವೂ ನಷ್ಟ. ಭಾರತದಿಂದ ವಿದೇಶ ಪ್ರವಾಸದ ಪ್ಯಾಕೇಜು ಕೊಳ್ಳುವವರಿಂದ ಮೂಲದಲ್ಲಿ ತೆರಿಗೆ ಸಂಗ್ರಹಿಸುವ ನಿಯಮವೂ ಇದೆ. 2023ರ ಅಕ್ಟೋಬರ್ 1ರಿಂದ ವರ್ಷಕ್ಕೆ 7 ಲಕ್ಷ ರೂಪಾಯಿಗಳವರೆಗೆ ಶೇಕಡ 5, ಮೇಲಿನದಕ್ಕೆ ಶೇಕಡ 20 ಎಂದು ವಿಧಿಸಲಾಗಿತ್ತು. ಅನಂತರ ಮಿತಿಗಳಲ್ಲಿ ಬದಲಾವಣೆಯಾಗಿದೆ. ಈ ಮೊತ್ತವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವಜಾ ಮಾಡಿಕೊಳ್ಳಬಹುದು.

ಟಿಪ್ಸ್ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಕೋಣೆ ಗುಡಿಸುವವರು, ಬಡಿಸುವವರು ಬಹುಪಾಲು ಫಿಲಿಪ್ಪೀನ್ಸ್, ಇಂಡೊನೇಷ್ಯಾ, ಭಾರತಗಳಿಂದ ಬಂದವರು. 2013ರಲ್ಲಿ ಜಾರಿಗೆ ಬಂದ, ಭಾರತವೂ 2015ರಲ್ಲಿ ಅಂಗೀಕರಿಸಿದ ಸಮುದ್ರ ಕಾರ್ಮಿಕ ಒಡಂಬಡಿಕೆಯ ಪ್ರಕಾರವೂ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಗಳವರೆಗೆ ದುಡಿಸಿಕೊಳ್ಳಲು ಅವಕಾಶವಿದೆ. ಅವರ ಗಳಿಕೆಯ ಒಂದು ಭಾಗವನ್ನು ಪ್ರಯಾಣಿಕನ ಔದಾರ್ಯಕ್ಕೆ ಬಿಟ್ಟಿರುವುದು ಸಂಸ್ಥೆಗಳ ದೋಷ. ಆದರೆ ಆ ದೋಷವನ್ನು ತೋರಿಸಿ, ಕೌಂಟರಿಗೆ ಹೋಗಿ ಟಿಪ್ಸ್ ತೆಗೆಸಿಹಾಕುವ ಪ್ರಯಾಣಿಕನು ದಂಡಿಸುವುದು ಸಂಸ್ಥೆಯನ್ನಲ್ಲ, ಹಾಸಿಗೆ ಮಡಿಸಿದವನನ್ನು. ಕೋಣೆಯ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿಕೊಂಡಾದರೂ ಇದನ್ನು ಪೂರ್ಣವಾಗಿ ಸಲ್ಲಿಸುವುದೇ ಧರ್ಮ.

ಕೊನೆಯದಾಗಿ, ಈ ದರಪಟ್ಟಿ ಕರ್ನಾಟಕದ ಬಸದಿಗಳ ಬಾಗಿಲಿಗೂ ಬಂದು ತಲುಪಿದೆ. ನವಮಂಗಳೂರು ಬಂದರಿಗೆ ಬರುವ ವಿದೇಶೀ ವಿಹಾರನೌಕೆಗಳ ಪ್ರಯಾಣಿಕರನ್ನು ಕೆಲವು ಗಂಟೆಗಳ ಅವಧಿಯಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿಗೂ, ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ ಬಾಹುಬಲಿಯ ಸನ್ನಿಧಿಗೂ ಕರೆದೊಯ್ಯಲಾಗುತ್ತದೆ. ದಡದ ಪ್ರವಾಸವೆಂಬ ಹೆಸರಿನಲ್ಲಿ ಇದಕ್ಕೆ ತಲಾ ಬೆಲೆಯಿದೆ. ಆ ಬೆಲೆ ನೌಕೆಗೆ, ಮಧ್ಯವರ್ತಿಗೆ, ಬಸ್ಸಿಗೆ, ಮಾರ್ಗದರ್ಶಿಗೆ ಹೇಗೆ ಹಂಚಿಕೆಯಾಗುತ್ತದೆಂಬುದು ಪ್ರಯಾಣಿಕನಿಗೆ ತಿಳಿಸುವ ಪಟ್ಟಿಯಲ್ಲಿ ಇರುವುದಿಲ್ಲ. ಶತಮಾನಗಳಿಂದ ಕಂಬಗಳನ್ನು ಕಾಪಾಡಿಕೊಂಡು ಬಂದವರ ಹೆಸರು ಆ ಲೆಕ್ಕದಲ್ಲಿ ಬರಬೇಕೆಂದು ಕೇಳುವುದು ದುರಾಶೆಯಲ್ಲ. ದರ್ಶನಕ್ಕೆ ಬೆಲೆ ಕಟ್ಟುವುದು ಯಾರಿಗೂ ಶೋಭಿಸದು. ಆದರೆ ರಕ್ಷಣಾಕಾರ್ಯಕ್ಕೆಂದು ರಶೀದಿಸಹಿತವಾದ ನಿಯತ ಕಾಣಿಕೆಯನ್ನು ಪ್ರವಾಸ ಸಂಸ್ಥೆಗಳಿಂದ ಕೋರುವುದು, ಚರ್ಮದ ವಸ್ತುಗಳು, ಉಡುಪು, ಮೌನ ಇವುಗಳ ಬಗ್ಗೆ ನೌಕೆಯಲ್ಲಿಯೇ ಸೂಚನೆ ನೀಡುವಂತೆ ಬರೆದು ತಿಳಿಸುವುದು, ಒಮ್ಮೆಗೆ ಒಳಬರುವವರ ಸಂಖ್ಯೆಯನ್ನು ಗೊತ್ತುಪಡಿಸುವುದು ಆಡಳಿತ ಮಂಡಳಿಗಳ ಅಧಿಕಾರಕ್ಕೆ ಸೇರಿದ ಸಂಗತಿಗಳು. ಬಂದರಿನ ಜನ ತಮ್ಮ ಪಾಲನ್ನು ಕೇಳಬಹುದೆಂಬುದಕ್ಕೆ ನಿದರ್ಶನಗಳಿವೆ. ಗ್ರೀಸ್ ದೇಶವು 2025ರ ಜುಲೈಯಿಂದ ಸ್ಯಾಂಟೊರಿನಿ, ಮೈಕೊನೋಸ್ ದ್ವೀಪಗಳಲ್ಲಿ ಇಳಿಯುವ ನೌಕಾಪ್ರಯಾಣಿಕರಿಗೆ ಜನದಟ್ಟಣೆಯ ಋತುವಿನಲ್ಲಿ ತಲಾ 20 ಯೂರೊ ಶುಲ್ಕವನ್ನು ವಿಧಿಸಿದೆ.

ಒಟ್ಟಿನಲ್ಲಿ, ಒಳಕೋಣೆಯೋ ಬಾಲ್ಕನಿಯೋ ಎಂಬುದು ಅವರವರ ಶಕ್ತಿ ಮತ್ತು ಅಗತ್ಯಗಳಿಗೆ ಬಿಟ್ಟ ವಿಷಯ. ಕಾಯ್ದಿರಿಸುವ ಮುನ್ನ ಕುಟುಂಬದ ಹಿರಿಯರು ಮೂರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಲಿ: ಎಲ್ಲವೂ ಸೇರಿ ಒಟ್ಟು ಎಷ್ಟು? ಇದರಲ್ಲಿ ಬೇಡದುದಕ್ಕೆ ಎಷ್ಟು? ಸೇವೆ ಮಾಡುವವರಿಗೆ ಎಷ್ಟು? ಈ ಮೂರಕ್ಕೂ ನೇರವಾದ ಉತ್ತರ ಕೊಡಲಾರದ ಏಜೆಂಟನಲ್ಲಿ ಮುಂಗಡ ಕಟ್ಟದಿರುವುದೇ ಕ್ಷೇಮ.